ಕಾರ್ ಶೆಡ್ಡಿನ ಹೊಟ್ಟಿನ ಚಾವಣಿ

ಟಣ್. ಸ್ವಲ್ಪ ಹೊತ್ತು ಬಿಟ್ಟು, ಟಟಣ್. ಬಿಸಿಲೇರಿದಂತೆ ನಮ್ಮ ಕಾರ್ ಶೆಡ್ಡಿನ ತಗಡುಗಳು ಹಿಗ್ಗುವ ಸದ್ದು ಅದು. ಅಡಿಗೆಮನೆಯ ಗೋಡೆಯ ಆಚೆಗೇ ಶೆಡ್ಡು. ಮಧ್ಯಾಹ್ನದ ಹೊತ್ತಿಗೆ ಸದ್ದು ಒಂದರ ಬೆನ್ನಿಗೊಂದು ಬರುತ್ತಿತ್ತು. ಸೌಟು ಹಿಡಿದು ನಾನು ಅದನ್ನೇ ಕೇಳುತ್ತ ನಿಲ್ಲುತ್ತಿದ್ದೆ. ಆ ತಗಡಿನ ಕೆಳಗೆ ನನ್ನ ಅಪ್ಪ ಮಲಗಿದ್ದ.

ಎಂಬತ್ತರ ದಶಕದ ಕೊನೆಯ ಕೊಳ್ಳೇಗಾಲ. ಅಪ್ಪ ಬಿಳಿಗಿರಿರಂಗನ ಬೆಟ್ಟದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕ ಬರೆಯುತ್ತಿದ್ದವನು, ವರ್ಷವಿಡೀ ಸ್ವೆಟರ್ ಹಾಕಿಯೇ ಬದುಕಿದವನು. ಆ ಸಂಬಳದಲ್ಲೇ ನನ್ನನ್ನು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದ. ನನ್ನ ನಾಲಿಗೆಗೆ ಇಂಗ್ಲಿಷ್ ಅಂಟಿದ್ದು ಅಲ್ಲೇ. ಲಕ್ವ ಹೊಡೆದು ಅವನ ಎಡಗಾಲು ಎಳೆಯುವಂತಾದಾಗ ಅಮ್ಮ ಇರಲಿಲ್ಲ, ಮಕ್ಕಳೆಂದರೆ ನಾನೊಬ್ಬಳೇ. ಅವನಿದ್ದ ಯಳಂದೂರಿನ ಚಿಕ್ಕಪ್ಪನ ಮನೆಯಲ್ಲಿ ಬೆಳಿಗ್ಗೆ ಎಲ್ಲರೂ ಗದ್ದೆಗೆ ಹೋದರೆ ನೀರು ಕೊಡಲೂ ಒಬ್ಬರಿಲ್ಲ. ನಾನು ಕರೆದರೆ ಅಪ್ಪನದು ಒಂದೇ ಮಾತು: "ಎಣ್ಣು ಕೊಟ್ಟ ಮನೇಲಿ ಬಿದ್ಕಂಡಿರಾಕಾದದಾ ಕೂಸು?"

ಆ ವರ್ಷ ನಮ್ಮ ಯಜಮಾನರು ಹಳೆಯ ಫಿಯೆಟ್ ಮಾರಿದ್ದರು, ಶೆಡ್ಡು ಖಾಲಿ. "ಮಾವ, ಕಾರ್ ಶೆಡ್ಡು ಮನೆ ಅಲ್ವಲ್ಲ. ಅದ್ರ ಬಾಗ್ಲು ಬೀದೀಗೆ ಐತೆ," ಎಂದರು ಅವರು. ಅಪ್ಪ ಒಪ್ಪಿದ. ಒಂದು ಕಂಡಿಷನ್. "ನಿಮ್ಮನೆ ಒಳೀಕೆ ಗ್ವಾಡೆ ಒಡ್ದು ಬಾಗ್ಲು ಮಡುಗ್ಬಾರ್ದು. ಒಡುದ್ರೆ ಅವತ್ತೇ ಎದ್ದೋಯ್ತೀನಿ." ಅಕ್ಕಿ ಯಳಂದೂರಿನಿಂದ ಅವನದೇ ಬರಬೇಕು. ಬಂತು.

ಗೇಟು ತೆಗೆಸಿ ಗೋಡೆ ಕಟ್ಟಿ, ದಪ್ಪ ಹಲಗೆಯ ಬಾಗಿಲು, ಒಂದು ಕಿಟಕಿ ಇಡಿಸಿದೆವು. ಶಿವರಾತ್ರಿ ಕಳೆಯುವವರೆಗೆ ಎಲ್ಲ ಚೆನ್ನಾಗಿತ್ತು. ಯುಗಾದಿ ಹೊತ್ತಿಗೆ ಒಳಗೆ ಕಾಲಿಟ್ಟರೆ ಮುಖಕ್ಕೆ ರೊಟ್ಟಿ ಹಂಚಿನ ಕಾವು. "ಹೀಟ್ ತಡೆಯೋ ಬಾಡಿ ಅಲ್ಲಮ್ಮ ಇದು. ಇನ್ನೊಂದು ಸ್ಟ್ರೋಕ್ ಬಂದರೆ ಕಷ್ಟ," ಎಂದರು ಡಾಕ್ಟರು. ಅಡಿಗೆಮನೆ ಕಡೆಯಿಂದ ಗೋಡೆ ಒಡೆದು ಬಾಗಿಲಿಟ್ಟರೆ ಗಾಳಿಯೂ ಆಡುತ್ತದೆ, ಅಪ್ಪನೂ ನನ್ನ ಕಣ್ಣಿಗೆ ಬೀಳುತ್ತಿರುತ್ತಾನೆ ಎಂದು ಯಜಮಾನರು ಬಾಯಿ ತೆಗೆದದ್ದೇ ತಡ, ಅಪ್ಪ ಊರುಗೋಲಿಗೆ ಕೈ ಹಾಕಿದ.

ಇನ್ಸುಲೇಷನ್ ಎಂಬ ಪದ ನನಗೆ ಗೊತ್ತಿತ್ತು, ಯಾವುದೋ ಲೇಡೀಸ್ ಮ್ಯಾಗಝೀನಿನಲ್ಲಿ ಓದಿದ್ದೆ. ಮದುವೆ ಮಂಟಪಕ್ಕೆ ಹೆಸರು ಕೊರೆದುಕೊಡುವ ಅಂಗಡಿಯಿಂದ ಥರ್ಮೋಕೋಲ್ ತರಿಸಿ, ತಗಡಿನ ಒಳಮೈಗೆ ಗಮ್ ಹಚ್ಚಿ ಅಂಟಿಸಿದೆ. ಮಾರನೆಯ ಮಧ್ಯಾಹ್ನವೇ ಗಮ್ ಕರಗಿ, ಬಿಳಿ ಹಾಳೆಗಳು ಒಂದೊಂದಾಗಿ ಅಪ್ಪನ ಹೊಟ್ಟೆಯ ಮೇಲೆ ಬಿದ್ದವು.

"ಏನ್ ಕೂಸೇ, ಬೆಟ್ಟದ ಮಂಜು ಸಾಲ್ದು ಅಂತ ಇಲ್ಲೂ ಉದುರುಸ್ತಿದ್ದೀಯಾ?"

ನಕ್ಕು ಹಣೆ ಮುಟ್ಟಿದೆ. ಸುಡುತ್ತಿತ್ತು. ಒಂದು ಹನಿ ಬೆವರಿರಲಿಲ್ಲ. ಒಂದರ ಮೇಲೊಂದು ಲೋಟ ಮಜ್ಜಿಗೆ ಕುಡಿಸಿದೆ.

ಯಜಮಾನರ ಹುಟ್ಟೂರು ಕಾಮಗೆರೆ, ಅವರದು ರೇಷ್ಮೆ ಹುಳು ಸಾಕಿದ ಮನೆ. "ನಿನ್ ಇಂಗ್ಲಿಷ್ ಸಾಕು ಕಣೇ. ಹುಳದ ಮನೆ ತಂಪಿಗೆ ಮಾಡೋದ್ನೇ ಮಾಡನ," ಎಂದರು. ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ಬಿದಿರಿನ ಅಗಲ ತಟ್ಟಿ; ಊರಿನ ಮನೆಯ ಅಟ್ಟದಲ್ಲಿ ಹಳೆಯವು ರಾಶಿ ಬಿದ್ದಿದ್ದವು. ತೊಳೆದು ಒಣಗಿಸಿದ್ದನ್ನು ತಗಡಿಗಿಂತ ಗೇಣು ಕೆಳಗೆ, ತೊಲೆಯಿಂದ ತೊಲೆಗೆ ಕಟ್ಟಿಸಿದರು. ಅದರ ಮೇಲೆ ಭತ್ತದ ಹೊಟ್ಟು ತುಂಬಿ ಹಾಸಿಗೆಯಂತೆ ಹೊಲಿದ ಗೋಣಿಚೀಲಗಳು. ತಗಡಿನ ಹೊರಮೈಗೆ ಸುಣ್ಣ. ಕೆಲಸ ಮುಗಿಯುವವರೆಗಾದರೂ ಹಾಲಿಗೆ ಬಾ ಎಂದರೆ ಅಪ್ಪ ಬರಲಿಲ್ಲ. ಬೀದಿಯ ಹೊಂಗೆಮರದ ಕೆಳಗೆ ಮಂಚ ಹಾಕಿಸಿಕೊಂಡು ಕೂತ. ದಾರಿಹೋಕನೊಬ್ಬ ಕೆಣಕಿದ: "ಏನ್ ರೈಟ್ರೇ, ಮಗ್ಳು ಆಚೀಗ್ ಆಕ್ಬುಟ್ಲಾ?"

"ಇಲ್ಲ ಕಣ್ಲಾ, ಗೂಡ್ ಕಟ್ಟುಸ್ತಾವ್ಳೆ. ಆಮೇಕೆ ನೂಲ್ ತೆಗ್ಯಾಕೆ ಬಿಸ್ನೀರ್ಗಾಕ್ತಾಳೋ ಏನೋ!"

ಎಲ್ಲ ಮುಗಿದ ಮಾರನೆಯ ದಿನ, ನಡುಮಧ್ಯಾಹ್ನ. ಯಜಮಾನರದು ರೇಷ್ಮೆಗೂಡಿನ ವ್ಯಾಪಾರ, ಗೂಡು ಕೊಳ್ಳಲು ಹನೂರಿನ ಬಸ್ಸು ಹತ್ತಿದ್ದರು. ಗೋಡೆಯಾಚೆ ಸದ್ದೇ ಇಲ್ಲ. ಹೊಟ್ಟಿನ ಚೀಲ ತಗಡಿನ ಸದ್ದನ್ನೂ ನುಂಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಬೀದಿ ಸುತ್ತಿ ಓಡಿದೆ. ಬಾಗಿಲಿಗೆ ಒಳಗಿನಿಂದ ಅಗುಳಿ, ಕಾವು ಬಾರದಿರಲೆಂದು ಕಿಟಕಿಯೂ ಮುಚ್ಚಿತ್ತು. "ಅಪ್ಪಾ! ಅಪ್ಪಾ!" ಉತ್ತರವಿಲ್ಲ. ಹಲಗೆಗೆ ಭುಜ ಕೊಟ್ಟು ನೂಕಿದರೆ ಅದು ಅಲುಗಲೂ ಇಲ್ಲ. ಮರಳಿ ಒಳಗೆ ಓಡಿದೆ; ಅಡಿಗೆಮನೆಯ ಗೋಡೆ ಹಳೆಯದು, ಹಸಿ ಇಟ್ಟಿಗೆಯದು. ಹಿತ್ತಲಿನಿಂದ ಹಾರೆ ಎಳೆದು ತಂದು ಕಣ್ಣು ಮುಚ್ಚಿ ಬೀಸಿದೆ. ಒಂದು ಏಟು. ಇನ್ನೊಂದು. ಇಟ್ಟಿಗೆಯೊಂದು ಆಚೆಗೆ ಬಿತ್ತು.

"ಯಾವನ್ಲಾ ಅದು, ಅಗ್ಲೊತ್ನಲ್ಲೇ ಕನ್ನ ಆಕೋನು?"

ಅಪ್ಪ ಎಷ್ಟೋ ವಾರಗಳ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದ್ದ, ಅದೂ ಕಂಬಳಿ ಹೊದ್ದು. ಸಂದಿಯಿಂದ ಒಂದು ಕಣ್ಣು ನನ್ನನ್ನು ನೋಡಿತು, ನನ್ನ ಕೈಯ ಹಾರೆಯನ್ನೂ. ಥ್ಯಾಂಕ್ ಗಾಡ್ ಎಂದು ಅಳುತ್ತ ಕುಸಿದು ಕೂತೆ. ಎದ್ದು ಹೊರಟೇಬಿಡುತ್ತಾನೆ ಅಂದುಕೊಂಡೆ. ಅವನು ಹೇಳಿದ್ದು ಇಷ್ಟೇ: "ಸಂಜೀಕೆ ಮೆತ್ಸ್ಬುಡು."

ಮೆತ್ತಿಸಿದೆ. ಆ ಬೇಸಿಗೆ ಹೊಟ್ಟಿನ ಚಾವಣಿ ಅವನನ್ನು ಕಾಪಾಡಿತು. ಮೊದಲ ಮಳೆ ಬಿದ್ದು ನೆಲ ತಣ್ಣಗಾದ ವಾರವೇ ಅಪ್ಪ ತನ್ನ ತಮ್ಮನ ಮಗನಿಗೆ ಹೇಳಿಕಳಿಸಿ ವ್ಯಾನು ತರಿಸಿದ.

"ಯಾಕಪ್ಪಾ? ನಾನೇನು ಕಮ್ಮಿ ಮಾಡಿದೆ?"

"ಕಮ್ಮಿ ಎಲ್ಬಂತು? ಕೂಸು, ಇನ್ನೊಂದ್ ದಪ ನಂಗೇನಾರ ಆದ್ರೆ ನೀನು ಆ ಗ್ವಾಡೆ ಪೂರಾ ಒಡ್ದೇ ಬುಡ್ತೀಯ. ನಂಗೊತ್ತು."

ನಿಜವೇ. ಅವನ ಕಂಬಳಿ ಮಡಿಸಿ ವ್ಯಾನಿಗಿಟ್ಟೆ.

ಆಷಾಢದಲ್ಲಿ ಯಳಂದೂರಿನಿಂದ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ಗದ್ದೆಯಂಚಿನಲ್ಲಿ ಅವನನ್ನು ಮಣ್ಣು ಮಾಡಿ ಮುಗಿದಿತ್ತು. ಹಾಗಾಗಿ ನಾನು ಅಪ್ಪನನ್ನು ಕೊನೆಯ ಸಲ ನೋಡಿದ್ದು ಆ ವ್ಯಾನಿನ ಮುಂದಿನ ಸೀಟಿನಲ್ಲಿ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ತಾನೇ ಒಳಗಿಟ್ಟುಕೊಂಡ, ನನ್ನನ್ನು ಮುಟ್ಟಗೊಡಲಿಲ್ಲ. ಆಮೇಲೆ ನನ್ನ ಕೆನ್ನೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಇಟ್ಟ. ತಣ್ಣಗಿತ್ತು ಕೈ. ಡ್ರೈವರಿಗೆ, "ನಡೀಲಾ, ಮಳೆ ಬತ್ತದೆ," ಎಂದ.