ಕುರುಡು ಗುಡ್ಡಗಳು

ಕಡಲ ದಂಡೆಯ ಕೋಡಿಬಾಗದ ನಮ್ಮ ಓಣಿಯ ಹೆಂಗಸರು ಪ್ರತಿ ವರ್ಷ ಟೆಂಪೊ ಮಾಡಿಕೊಂಡು ಪ್ರವಾಸ ಹೋಗುತ್ತಾರೆ. ಮುಂದಿನ ಸೀಟು ಯಾವಾಗಲೂ ನನ್ನ ಅತ್ತೆ ಸುಗಂಧಾ ಅವರದು. ಊಟಿಯ ಉದ್ಯಾನವಿರಲಿ, ಪನ್ಹಾಳದ ಕೋಟೆಯಿರಲಿ, ಎತ್ತರದ ಜಾಗ ಸಿಕ್ಕಿದ ಕೂಡಲೇ ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಪಶ್ಚಿಮಕ್ಕೆ ನೋಡುತ್ತಾರೆ.

"ಇಲ್ಲಿಂದ ಸಮುದ್ರ ಕಾಣೂದಿಲ್ವಾ?"

ಇಲ್ಲವೆಂದರೆ ಮುಗಿಯಿತು. "ಚಲೋ ಅದೆ. ಆದ್ರೆ ಕುರುಡು ಗುಡ್ಡ" ಎಂದು ಹೇಳಿ ಬುತ್ತಿ ಬಿಚ್ಚುತ್ತಾರೆ. ಗೈಡುಗಳಿಗೆ ಸಿಟ್ಟು ಬರುತ್ತದೆ, ನಮಗೆ ನಾಚಿಕೆ.

ಈ ಸಲ ಮೊಣಕಾಲು ನೋವೆಂದು ಅವರು ದೂರ ಹೊರಡಲಿಲ್ಲ. ಕಾಳಿ ನದಿಯ ಸೇತುವೆ ದಾಟಿ ಸದಾಶಿವಗಡದ ಕೋಟೆಗುಡ್ಡಕ್ಕೆ ನಾನೇ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಮನೆಯೆದುರಿನ ಗುಡ್ಡವನ್ನು ನೋಡಲು ಯಾರು ಹೋಗುತ್ತಾರೆ ಎನ್ನುತ್ತಿದ್ದವರು ಅದನ್ನು ಹತ್ತಿದ್ದು ಇದೇ ಮೊದಲು.

ಮೇಲೆ ಬಂದವರೆಲ್ಲ ಸಮುದ್ರದ ಫೋಟೊ ತೆಗೆಯುತ್ತಿದ್ದರು. ಅತ್ತೆ ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು. ನದಿಯಾಚೆ, ನಮ್ಮ ತಾರಸಿಯ ಮೇಲೆ, ಬೆಳಿಗ್ಗೆ ಅವರೇ ಒಣಹಾಕಿದ್ದ ಕೆಂಪು ಸೀರೆ ಚಿಕ್ಕದಾಗಿ ಕಾಣುತ್ತಿತ್ತು.

"ಸಮುದ್ರ ಈ ಕಡೆ ಅದೆ, ಅತ್ತೆ" ಎಂದೆ.

"ಇರ್ಲಿ ಬಿಡೆ, ಅದು ದಿನಾ ಕಾಣ್ತದೆ" ಎಂದರು, ತಿರುಗಿಯೂ ನೋಡದೆ. "ನಮ್ಮನೆ ಕಂಡದ್ದು ಇವತ್ತೇ."