ಹರಕೆಯ ಸೈಕಲ್ಲು

ನನಗೆ ಸೈಕಲ್ ಹತ್ತಲು ಬರುತ್ತದೆ, ಓಡಿಸಲು ಬರುತ್ತದೆ, ಇಳಿಯಲು ಮಾತ್ರ ಬರುವುದಿಲ್ಲ. ಕಾಲಿಡಲು ಕಟ್ಟೆಯೋ ಕಲ್ಲೋ ಸಿಗುವ ತನಕ ಹೋಗುತ್ತಲೇ ಇರುತ್ತೇನೆ. ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸಲು ಸವಣೂರಿನಿಂದ ಹಿರೇಕೆರೂರಿಗೆ ಸೈಕಲ್ ಸವಾರಿ ಏರ್ಪಾಡಾದಾಗ ಗೆಳೆಯರು ಮೊದಲು ನನ್ನ ಹೆಸರು ಬರೆದದ್ದು ಈ ಗುಣ ನೋಡಿಯೇ ಇರಬೇಕು.

ಇಂಥ ಸವಾರಿಯ ತರ್ಕ ನನಗೆ ಪೂರ್ತಿ ತಿಳಿದಿಲ್ಲ. ನಾನು ಏರಿನಲ್ಲಿ ಏದುಸಿರು ಬಿಟ್ಟರೆ ಎಲ್ಲೋ ಪ್ರಯೋಗಾಲಯದಲ್ಲಿ ಯಾರಿಗೋ ಏನೋ ಹೊಳೆಯಬೇಕು. ಸುಮ್ಮನೆ ಕೇಳಿದರೆ ಕೊಡದವರು, ನಾನು ದಣಿಯುತ್ತೇನೆ ಎಂದ ಕೂಡಲೇ ಕೊಟ್ಟರು. ನಮ್ಮ ಓಣಿಯ ಕಿರಾಣಿ ಅಂಗಡಿಯವರು, "ಬಿಸಲಾಗ ಹೋಗ್ತೀರೋ, ತಂಪಿನಾಗ ಹೋಗ್ತೀರೋ ಸರ?" ಎಂದು ವಿಚಾರಿಸಿದರು. ಬಿಸಿಲಿನಲ್ಲಿ ಎಂದೆ. ಸಮಾಧಾನದಿಂದ ಕೊಟ್ಟರು. ದೇವರೂ ಹರಕೆಯನ್ನು ಇದೇ ಷರತ್ತಿನ ಮೇಲೆ ಸ್ವೀಕರಿಸುತ್ತಾನೆ ಎಂದು ಕೇಳಿದ್ದೇನೆ.

ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಹಿರೇಕೆರೂರಿನಲ್ಲಿ ನನ್ನ ಅಕ್ಕ ನೀಲವ್ವ ಇದ್ದಾಳೆ. ಎದೆಯಲ್ಲಿ ಒಂದು ಗಂಟಾಗಿದೆ ಎಂದು ನನ್ನ ಹೆಂಡತಿಗೆ ಹೇಳಿದ್ದಳು, ನನಗೆ ಹೇಳಿರಲಿಲ್ಲ. ನಾನು ಫೋನಿನಲ್ಲಿ ದವಾಖಾನೆ ಎಂದರೆ ಅವಳು ಹೊಲದ ಗೋವಿನಜೋಳದ ವಿಷಯ ತೆಗೆಯುತ್ತಿದ್ದಳು. ಗೋವಿನಜೋಳದ ಬಗ್ಗೆ ನಾನೀಗ ಬಹಳಷ್ಟು ಬಲ್ಲೆ. ಎದುರಿಗೆ ಹೋಗಿ ನಿಂತರೆ ಮಾತು ಬಂದೀತು ಎಂದುಕೊಂಡೆ. ಬಸ್ಸಿನಲ್ಲಿ ಹೋಗಿ ನಿಲ್ಲಬಹುದಿತ್ತು. ಆದರೆ ಬಸ್ಸು ಬಹಳ ಬೇಗ ಮುಟ್ಟುತ್ತದೆ.

ಸಂಘಟಕರು ನಮಗೆಲ್ಲ ಕೇಸರಿ ಬಣ್ಣದ ಅಂಗಿ ಹಂಚಿದರು, ದೂರದಿಂದ ಕಾಣಲಿ ಎಂದು. ಕಂಡಿತು. ನಮ್ಮ ಕಡೆ ಕೇಸರಿ ತೊಟ್ಟು ಬೆವರುತ್ತ ರಸ್ತೆ ಹಿಡಿದವರು ಹರಕೆ ಹೊತ್ತವರು. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಅವರ ಕಾಲಿಗೆ ನೀರು ಹಾಕಬೇಕು. ಬಾಗಿಲಿಗೆ ಬಂದು ಅವರು ಕೇಳಿದ್ದನ್ನು ಇಲ್ಲವೆನ್ನಬಾರದು.

ಶಿಗ್ಗಾಂವಿ ದಾಟಿ ಹಾನಗಲ್ಲಿನ ದಾರಿಯಲ್ಲಿ ಒಂದು ಮನೆಯ ಕಟ್ಟೆಗೆ ಕಾಲು ಕೊಟ್ಟೆ. ಒಳಗಿನಿಂದ ಮುದುಕಿಯೊಬ್ಬಳು ಕೊಡ ತಂದು, ನಾನು ಬಾಯಿ ತೆರೆಯುವ ಮೊದಲೇ ಬೂಟಿನ ಮೇಲೆ ನೀರು ಸುರಿದಳು.

"ಯಾ ದೇವರಿಗೆ ಹೊಂಟೀಯಪಾ?"

"ದೇವರಿಗಲ್ಲ ಯವ್ವಾ. ಕ್ಯಾನ್ಸರ್ ಸಂಶೋಧನೆಗೆ ರೊಕ್ಕ ಕೂಡಸಾಕ."

"ಬೂಟು ಹಾಕ್ಕೊಂಡು ಹರಕಿ ಹೊರಬಾರದು," ಎಂದಳು. ಆಮೇಲೆ ಕೊಡ ಕೆಳಗಿಟ್ಟು, "ಮನ್ಯಾಗ ಯಾರಿಗೈತಿ?" ಎಂದು ಕೇಳಿದಳು.

ಬೂಟಿನ ನೀರು ಕೊಡವಿದೆ. "ನಮ್ಮಕ್ಕಗ ಇರಬೌದು," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಹಂಗಿದ್ರ ಇಲ್ಲ್ಯಾಕ ನಿಂತಿ? ನಡಿ, ನಡಿ."

ಹಾನಗಲ್ಲಿನಲ್ಲಿ ತಂಗಿ ಮರುದಿನ ಮಧ್ಯಾಹ್ನ ಹಿರೇಕೆರೂರು ಮುಟ್ಟಿದೆವು. ಉಳಿದವರು ಸನ್ಮಾನಕ್ಕೆ ಹೋದರು. ನಾನು ಅಕ್ಕನ ಮನೆಗೆ ಹೋದೆ. ಅವಳು ಬಾಗಿಲಲ್ಲಿ ನಿಂತು ನನ್ನ ಅಂಗಿ ನೋಡಿದಳು, ಒಳಗೆ ಹೋದಳು, ತಂಬಿಗೆಯೊಂದಿಗೆ ಬಂದಳು.

"ಬೂಟು ಕಳಿ. ಯಾರ ಸಲುವಾಗಿ ಹೊತ್ತಿ?"

ಬೂಟು ಕಳಚಿದೆ, ನೀರು ಸುರಿದಳು. ಇದು ಹರಕೆಯಲ್ಲ, ನಿಧಿ ಸಂಗ್ರಹ ಎಂದು ಹೇಳಲು ಬಾಯಿ ತೆರೆದೆ. "ನಿನ್ನ ಸಲುವಾಗಿ," ಎಂದು ಬಂತು.

"ಏನ ಬೇಡ್ಕೊಂಡಿ?"

"ನಾಳೆ ನೀ ಹಾವೇರಿ ದವಾಖಾನಿಗೆ ಬರಬೇಕಂತ."

ಗೋವಿನಜೋಳ ಬಂದೀತೆಂದು ಕಾದೆ. ಬರಲಿಲ್ಲ. ಅವಳು ತಂಬಿಗೆಯಲ್ಲಿ ಉಳಿದ ನೀರನ್ನೂ ನನ್ನ ಕಾಲಿಗೇ ಹಾಕಿದಳು.

"ದೇವರಿಗೆ ಬೇಡೂದು ಬಿಟ್ಟು ನನಗ ಬೇಡಾಕತ್ತೀಯಲ್ಲೋ, ಶಾಣ್ಯಾ. ಹರಕಿ ಹೊತ್ತಾಂವ ಬಾಗಲಕ್ಕ ಬಂದು ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಬರಂಗಿಲ್ಲ. ಬರ್ತೇನಿ."

ಬೆಳಿಗ್ಗೆ ಅವಳ ಹಿಂದೆ ನಾನೂ ಬಸ್ಸು ಹತ್ತಲು ಹೋದೆ. ಮೆಟ್ಟಿಲ ಮೇಲಿಂದಲೇ ತಿರುಗಿ ನಿಂತಳು.

"ನೀ ಎಲ್ಲಿಗೆ? ಹರಕಿ ಮುಗಿಯೂತನಕ ಗಾಡಿ ಹತ್ತಬಾರದು."

"ನಿನ್ನೆ ಮುಗೀತಲ್ಲ ಅಕ್ಕಾ."

"ನಾ ದವಾಖಾನಿ ಮುಟ್ಟಿದ ಮ್ಯಾಲೆ ಮುಗೀತೈತಿ. ಸೈಕಲ್ ತುಳಿ."

ಕಂಡಕ್ಟರು ಅವಳ ಪರವಾಗಿ ಸೀಟಿ ಊದಿದರು. ಸವಣೂರಿನಿಂದ ಹಾವೇರಿಗೆ ಬಂದು ಅವಳನ್ನು ಇಳಿಸಿಕೊಳ್ಳಲು ಹೆಂಡತಿಗೆ ಫೋನು ಮಾಡಿ ನಾನು ತುಳಿದೆ. ಊರು ದಾಟಿದ ಮೇಲೆ ಒಂದು ವಿಷಯ ಹೊಳೆಯಿತು. ಅಂಗಿಯ ಬೆನ್ನಿನ ಮೇಲೆ 'ಕ್ಯಾನ್ಸರ್ ಸಂಶೋಧನೆಗಾಗಿ ಸೈಕಲ್ ಸವಾರಿ' ಎಂದು ಅಂಗೈ ಅಗಲದ ಅಕ್ಷರಗಳಿದ್ದವು. ಅಕ್ಕ ದಿನಾಲು ಪತ್ರಿಕೆ ಓದುವವಳು.

ನಾನು ಮುಟ್ಟುವ ಹೊತ್ತಿಗೆ ಗಂಟಿನ ಚೂರು ಪರೀಕ್ಷೆಗೆ ಹೋಗಿತ್ತು. ಅಕ್ಕ ಬೆಂಚಿನ ಮೇಲೆ ಸೆರಗನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದಳು.

"ಭಾಳ ಹೊತ್ತ ಮಾಡಿದಿ," ಎಂದಳು.

"ಇನ್ನರ ಮುಗೀತೇನ ಹರಕಿ?"

"ಮುಂದಿನ ವಾರ ಮತ್ತ ಬಾ ಅಂದಾರ." ನೆಲ ನೋಡುತ್ತ ಕೇಳಿದಳು, "ನೀ ಬರ್ತೀಯಿಲ್ಲೋ?"

ಬರ್ತೇನಿ ಎಂದೆ. ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಎರಡೂ ಚಕ್ರಕ್ಕೆ ಗಾಳಿ ಹಾಕಿಸಿದೆ.