ಸಫಿಯಮ್ಮನ ಮನೆಯ ಚುಕ್ಕೆ

ಆ ವಿಳಾಸದ ಪಟ್ಟಿಯನ್ನು ಹರಿದು ಒಲೆಗೆ ಹಾಕುವಷ್ಟು ಸಿಟ್ಟು ಕಮಲಾವತಿಗೆ ಬಂದಿತ್ತು. ಹಾಸಿಗೆ ಹಿಡಿದವರ ಮನೆಗೆ ವ್ಯಾನಿನಲ್ಲಿ ಹೋಗಿ ಹುಣ್ಣು ತೊಳೆದು, ಮೂತ್ರದ ಟ್ಯೂಬ್ ಬದಲಿಸಿ ಬರುವ ನರ್ಸ್ ಆಕೆ. ಪುತ್ತೂರು, ಸುಳ್ಯ, ಕಡಬ ಸೇರಿ ನೂರಾ ನಲವತ್ತು ಮನೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಾರಿಯೂ ತಪ್ಪಿದ್ದಿಲ್ಲ. ಈ ತಿಂಗಳ ಕೊನೆಗೆ ನಿವೃತ್ತಿ. ಹೊಸ ನರ್ಸ್ ಗದಗದವಳು, ಡ್ರೈವರನೂ ಹೊರಗಿನವನು. ಹಾಗಾಗಿ ಪಟ್ಟಿಯೆಲ್ಲ ನಕ್ಷೆಯಾಗಬೇಕಂತೆ.

ಕಚೇರಿಯ ಸೂರಜ್ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟ. ನಕ್ಷೆಯಲ್ಲಿ ಕೆದಂಬಾಡಿಯ ಒಂಬತ್ತು ಮನೆಗಳೂ ಹೋಗಿ ಅಂಚೆ ಕಚೇರಿಯ ಮಾಡಿನ ಮೇಲೆ ಕೂತವು! ಮತ್ತೇನಾದೀತು? ಇಲ್ಲಿನ ವಿಳಾಸಕ್ಕೆ ಬೀದಿಯಿಲ್ಲ, ನಂಬರಿಲ್ಲ. ಮನೆಯ ಹೆಸರು, ಗ್ರಾಮ, ಅಂಚೆ, ಅಲ್ಲಿಗೆ ಮುಗಿಯಿತು.

“ಮನೆಯವರೇ ಫೋನಲ್ಲಿ ಲೊಕೇಶನ್ ಕಳಿಸ್ಲಿ ಅಕ್ಕ,” ಎಂದ ಸೂರಜ್.

ಎಲ್ಲರೂ ಕಳಿಸಿದರು. ನಕ್ಷೆಯ ತುಂಬ ಕೆಂಪು ಚುಕ್ಕೆ. ಕಮಲಾವತಿ ನೋಡಿ ಉರಿದುಬಿದ್ದಳು. “ಸಫಿಯಮ್ಮನ ಮನೆ ಕೆಳಗೆ ನೀರು ಹರಿಯುವ ತೋಡಿನ ಬದಿಯಲ್ಲಿ ಉಂಟು ಮಾರಾಯ, ನಿನ್ನ ಚುಕ್ಕೆ ಎಲ್ಲಿ ಕೂತದ್ದು?”

“ಅವರ ಸೊಸೆ ಮುಫೀದಾನೇ ಕಳಿಸಿದ್ದು. ಮನೆಯವರಿಗಿಂತ ನಿಮಗೆ ಹೆಚ್ಚು ಗೊತ್ತುಂಟಾ?”

ಈ ಮಾತಿಗೆ ಆಕೆ ಬಾಯಿ ಮುಚ್ಚಿದಳು. ಮುಚ್ಚಬಾರದಿತ್ತು.

ಗುರುವಾರ ಹೊಸಬರಿಬ್ಬರೇ ನಕ್ಷೆ ಹಿಡಿದು ಹೊರಟರು. ವ್ಯಾನ್ ಕಡಬ ದಾಟಿ, ಗುಡ್ಡೆ ಹತ್ತಿ, ನೆತ್ತಿಯಲ್ಲಿ ನಿಂತಿತು. ಅಲ್ಲಿ ಮನೆಯೂ ಇಲ್ಲ, ಮಣ್ಣೂ ಇಲ್ಲ, ಬರೀ ಮುಳಿಹುಲ್ಲು. ‘ರೋಗಿ ಸಿಗಲಿಲ್ಲ’ ಎಂದು ಬರೆದುಕೊಂಡು ಹಿಂದೆ ಬಂದರು.

ಮಧ್ಯಾಹ್ನ ಅದನ್ನು ಓದಿದ ಕಮಲಾವತಿ ಹಣೆ ಚಚ್ಚಿಕೊಂಡಳು. ಆ ಊರಿನಲ್ಲಿ ಫೋನಿಗೆ ರೇಂಜ್ ಸಿಗುವುದು ಗುಡ್ಡೆಯ ನೆತ್ತಿಯಲ್ಲಿ ಮಾತ್ರ! ಮುಫೀದಾ ಫೋನ್ ಮಾಡುವುದೂ ಅಲ್ಲಿಂದಲೇ, ಲೊಕೇಶನ್ ಕಳಿಸಿದ್ದೂ ಅಲ್ಲಿಂದಲೇ. ಸೂರಜನಿಗೆ ಹೋಗಲಿ, ಇಷ್ಟು ವರ್ಷ ಸುತ್ತಿದ ತನ್ನ ತಲೆಗಾದರೂ ಹೊಳೆಯಬಾರದಿತ್ತೇ? ಬೈಯುವುದಕ್ಕೂ ಪುರುಸೊತ್ತಿಲ್ಲದೆ ರಿಕ್ಷಾ ಹಿಡಿದು ಓಡಿದಳು.

ಸಫಿಯಮ್ಮನ ಟ್ಯೂಬ್ ಬೆಳಿಗ್ಗೆಯೇ ಕಟ್ಟಿಕೊಂಡಿತ್ತು. ಕಿಬ್ಬೊಟ್ಟೆ ಉಬ್ಬಿ ಕಲ್ಲಾಗಿತ್ತು, ಮುದುಕಿಯ ಮುಖ ಬಿಳಿಚಿತ್ತು. ಮುಫೀದಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಕಮಲಾವತಿ ಟ್ಯೂಬ್ ಬದಲಿಸಿದಳು. ಚೀಲ ತುಂಬುತ್ತಾ ಬಂದ ಹಾಗೆ ಸಫಿಯಮ್ಮನ ಉಸಿರು ಹತೋಟಿಗೆ ಬಂತು.

“ತಪ್ಪಾಯ್ತು ಸಫಿಯಮ್ಮ. ಅವರಿಗೆ ನೀವು ಸಿಗ್ಲಿಲ್ಲಂತೆ.”

ಸಫಿಯಮ್ಮ ಕಣ್ಣು ತೆರೆದು ಆಕೆಯನ್ನೇ ನೋಡಿದಳು.

“ಹನ್ನೊಂದು ವರ್ಷ ಆಯ್ತು ಕಮಲ, ಈ ಮಂಚ ಬಿಟ್ಟು ನಾನು ಎಲ್ಲಿಗಾದ್ರೂ ಹೋಗಿದ್ದೇನಾ?”